14 ಅಡಿ ದೂರದ ಫ್ರೆಂಡ್ಸು

ಅಮೆರಿಕದ ಸಿಯಾಟಲ್ ಹತ್ರ ರೆಡ್ಮಂಡ್‌ಗೆ ಬಂದು ಎರಡು ವರ್ಷ ಆದ್ರೂ ಎದುರು ಫ್ಲ್ಯಾಟಿನವರ ಹೆಸರು ಗೊತ್ತಿರಲಿಲ್ಲ, ಲಿಫ್ಟಲ್ಲಿ ಸಿಕ್ರೆ ಒಂದು ಹಾಯ್, ಮುಗೀತು. ಅದೇ ಪಾರ್ಕಿನ ಪಿಕಲ್‌ಬಾಲ್ (ಬ್ಯಾಟು, ಪ್ಲಾಸ್ಟಿಕ್ ಬಾಲಲ್ಲಿ ನೆಟ್ಟಿನ ಆಚೆ ಈಚೆ ಆಡೋ ಆಟ) ಕೋರ್ಟಿಗೆ ಹೋಗೋಕೆ ಶುರು ಮಾಡಿದ ಮೂರೇ ತಿಂಗಳಿಗೆ, ರಿಟೈರಾದ ಪೋಸ್ಟ್‌ಮ್ಯಾನ್ ತಾತಂಗೆ ಮಂಡಿ ಆಪರೇಷನ್ ಯಾವತ್ತು, ಮಗನ ಮನೆಗೆ ಬಂದಿರೋ ಹಾಸನದ ಆಂಟಿ ವಾಪಸ್ ಹೋಗೋದು ಯಾವಾಗ, ಎಲ್ಲಾ ಬಾಯಿಪಾಠ. ನಾನೇನು ಮಾತಿನಮಲ್ಲ ಅಲ್ಲ, ಹಂಗಾಗಿ ಇದರಲ್ಲಿ ಆಟದ್ದೇ ಏನೋ ಕೈವಾಡ ಇದೆ ಅಂತ ಅನುಮಾನ ಬಂತು.

ಆಟ ಹುಟ್ಟಿದ್ದೂ ಇಲ್ಲೇ ಪಕ್ಕದಲ್ಲಿ, ಬೇನ್‌ಬ್ರಿಜ್ ದ್ವೀಪದಲ್ಲಿ, 1965ರ ಬೇಸಿಗೆಲಿ. ಜೋಯಲ್ ಪ್ರಿಚರ್ಡ್, ಬಿಲ್ ಬೆಲ್ ಅನ್ನೋ ಇಬ್ರು, ಮನೆಮಂದಿಗೆ ಬೋರಾಗ್ತಿದೆ ಅಂತ ಹಳೇ ಬ್ಯಾಡ್ಮಿಂಟನ್ ಕೋರ್ಟಲ್ಲಿ ಟೇಬಲ್ ಟೆನಿಸ್ ಬ್ಯಾಟು, ತೂತಿರೋ ಪ್ಲಾಸ್ಟಿಕ್ ಬಾಲು ಹಿಡ್ಕೊಂಡು ಏನೋ ಒಂದು ಆಡಿಸಿದ್ರು, ಆಮೇಲೆ ಬಾರ್ನಿ ಮೆಕ್‌ಕ್ಯಾಲಮ್ ಸೇರ್ಕೊಂಡು ನಿಯಮ ಗಿಯಮ ಮಾಡಿದ್ರು. ಕೋರ್ಟಿನ ಅಳತೆ ಇವತ್ತಿಗೂ ಬ್ಯಾಡ್ಮಿಂಟನ್ ಡಬಲ್ಸಿಂದೇ, 44 ಅಡಿ ಉದ್ದ, 20 ಅಡಿ ಅಗಲ. ಟೆನಿಸ್ ಕೋರ್ಟು 78 ಅಡಿ ಉದ್ದ.

ಗುಟ್ಟಿರೋದು ಈ ಅಳತೆಲೇ ಅಂತ ನನ್ನ ಲೆಕ್ಕ. ನೆಟ್ಟಿನ ಆಚೆ ಈಚೆ 7 ಅಡಿ ಜಾಗಕ್ಕೆ 'ಕಿಚನ್' ಅಂತಾರೆ, ಅದರೊಳಗೆ ಕಾಲಿಟ್ಟು ಬಾಲನ್ನ ಗಾಳಿಲೇ ಹೊಡೆಯಂಗಿಲ್ಲ, ನೆಲಕ್ಕೆ ಬಿದ್ದು ಪುಟಿದ ಮೇಲೆ ಹೊಡೀಬಹುದು. ನಮ್ಮಜ್ಜಿ ಅಡುಗೆಮನೆ ಮಡಿಗಿಂತ ವಾಸಿ ಬಿಡಿ. ಇದರಿಂದ ಎರಡೂ ಕಡೆಯ ನಾಲ್ಕೂ ಜನ ಕಿಚನ್ ಗೆರೆಗೆ ಬಂದು ನಿಲ್ತಾರೆ, ಮಧ್ಯೆ 14 ಅಡಿ, ಅಂದ್ರೆ ಜಗಲಿ ಮೇಲೆ ಕೂತವರು ಅಂಗಳದಲ್ಲಿ ನಿಂತವರ ಜೊತೆ ಮಾತಾಡೋ ದೂರ. ಎಡ್ವರ್ಡ್ ಹಾಲ್ ಅನ್ನೋ ಮಾನವಶಾಸ್ತ್ರಜ್ಞ 1966ರಲ್ಲೇ, ಅಷ್ಟೇನೂ ಪರಿಚಯ ಇಲ್ಲದವರು ಮಾತಾಡೋ ಅಂತರ 4ರಿಂದ 12 ಅಡಿ ಅಂತ ಬರೆದಿದ್ರು. ನಾವು ಎರಡಡಿ ಆಚೆ ಅಷ್ಟೇ, ಮುಖ ಪೂರ್ತಿ ಕಾಣುತ್ತೆ, ಸುಲಭದ ಬಾಲ್ ಬಿಟ್ಟು ಅಯ್ಯೋ ಅಂತ ಗೊಣಗಿದ್ದೂ ಕೇಳುತ್ತೆ.

ಇನ್ನೊಂದು, ಪ್ಯಾಡಲ್ (ಅಂದ್ರೆ ಈ ಆಟದ ಬ್ಯಾಟು) ಸಾಲು. ಬಂದವರು ತಮ್ಮ ಪ್ಯಾಡಲನ್ನ ಬೇಲಿ ಹತ್ರ ಸಾಲಾಗಿ ಇಡ್ತಾರೆ, ಕೋರ್ಟ್ ಖಾಲಿ ಆದ ತಕ್ಷಣ ಮುಂದಿನ ನಾಲ್ಕು ಯಾರದ್ದೋ ಅವರು ಒಳಗೆ. 11 ಪಾಯಿಂಟಿಗೆ ಗೇಮು, ಹೆಚ್ಚೂಕಮ್ಮಿ ಕಾಲು ಗಂಟೆ, ಮತ್ತೆ ಹೊಸ ಜೋಡಿ. ಯಾರನ್ನೂ 'ಬರ್ತೀರಾ' ಅಂತ ಕೇಳೋ ಸಂಕೋಚನೇ ಇಲ್ಲ, ಅದೇ ಮುಖಗಳು ಮತ್ತೆ ಮತ್ತೆ ಎದುರಾಗ್ತವೆ. ಮನಶ್ಶಾಸ್ತ್ರದಲ್ಲಿ ಇದು ಹಳೇ ವಿಷಯ: ರಾಬರ್ಟ್ ಝಾಯೊಂಟ್ಸ್ 1968ರಲ್ಲಿ ತೋರಿಸಿದ್ದು, ಸುಮ್ನೆ ಪದೇ ಪದೇ ಕಣ್ಣಿಗೆ ಬಿದ್ರೇ ಸಾಕು, ಇಷ್ಟ ಆಗೋಕೆ ಶುರುವಾಗುತ್ತೆ ಅಂತ. 1992ರ ಒಂದು ಪ್ರಯೋಗದಲ್ಲಂತೂ ಯಾರ ಜೊತೆನೂ ಮಾತಾಡದೆ 15 ಸಲ ಕ್ಲಾಸಿಗೆ ಬಂದು ಕೂತು ಹೋದ ಹುಡುಗಿ, ಒಂದ್ಸಲನೂ ಬರದವಳಿಗಿಂತ ಸ್ಟೂಡೆಂಟ್ಸಿಗೆ ಹೆಚ್ಚು ಹಿಡಿಸಿದ್ಲು.

ಆದ್ರೆ ಇಷ್ಟ ಆಗೋದೇ ಬೇರೆ, ಫ್ರೆಂಡ್ ಆಗೋದೇ ಬೇರೆ. ಕ್ಯಾನ್ಸಸ್ ಯೂನಿವರ್ಸಿಟಿಯ ಜೆಫ್ರಿ ಹಾಲ್ ಲೆಕ್ಕದ ಪ್ರಕಾರ ಪರಿಚಯದವರು ಮಾಮೂಲಿ ಫ್ರೆಂಡ್ ಆಗೋಕೆ ಸುಮಾರು 50 ಗಂಟೆ ಬೇಕು, ಜೀವದ ಗೆಳೆಯ ಆಗೋಕೆ 200 ದಾಟಬೇಕು, ಆಫೀಸಲ್ಲಿ ಜೊತೆಗೆ ಕಳೆದ ಗಂಟೆಗಳಿಗೆ ಅಷ್ಟು ಬೆಲೆ ಇಲ್ಲವಂತೆ. ವಾರಕ್ಕೆ ಮೂರು ದಿನ ಎರಡೆರಡು ಗಂಟೆ ಅಂದ್ರೆ 6 ಗಂಟೆ, ಒಂಬತ್ತು ವಾರಕ್ಕೆ 50 ದಾಟ್ತು ಅನ್ಸುತ್ತೆ, ಆದ್ರೆ ಜೋಡಿ ಬದಲಾಗ್ತಾ ಇರುತ್ತಲ್ಲ, ಒಬ್ಬೊಬ್ಬರ ಜೊತೆ ಆಡೋದು ದಿನಕ್ಕೆ ಒಂದೋ ಎರಡೋ ಗೇಮು. ಉಳಿದದ್ದೆಲ್ಲ ತುಂಬೋದು ಬೆಂಚು! ಸರದಿ ಕಾಯ್ತಾ ಕೂತಾಗ ನೀರು ಕುಡೀತಾ, ಆಂಟಿ ತಂದ ಕೋಡುಬಳೆ ಮುರೀತಾ ಆಡೋ ಮಾತು.

ಒಟ್ಟಿಗೆ ಮೈ ಬಗ್ಗಿಸಿದ್ರೆ ಬೇರೆ ಲಾಭನೂ ಇದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಕ್ಸ್‌ಫರ್ಡಿನ 12 ಜನ ದೋಣಿ ಹುಟ್ಟು ಹಾಕೋ ಹುಡುಗರನ್ನ ಒಮ್ಮೆ ಒಬ್ಬೊಬ್ಬರನ್ನೇ, ಇನ್ನೊಮ್ಮೆ ಒಟ್ಟಿಗೆ ಹುಟ್ಟು ಹಾಕೋ ಮಷೀನ್ ಮೇಲೆ ಕೂರಿಸಿ ನೋಡಿದ್ರೆ, ಶ್ರಮ ಅಷ್ಟೇ ಇದ್ರೂ ಒಟ್ಟಿಗೆ ಮಾಡಿದಾಗ ನೋವು ತಡೆಯೋ ಶಕ್ತಿ ಜಾಸ್ತಿ ಬಂತು, ಎಂಡಾರ್ಫಿನ್ (ಮೈಯೊಳಗೇ ಹುಟ್ಟೋ ನೋವು ತಗ್ಗಿಸೋ ರಾಸಾಯನಿಕ) ಕೆಲಸ ಅಂತ ಸಂಶೋಧಕರ ಊಹೆ. ಹನ್ನೆರಡೇ ಜನ, ನಾವು ಹುಟ್ಟು ಹಾಕ್ತಿಲ್ಲ, ಜಾಸ್ತಿ ಎಳೆಯಬಾರದು. ಆದ್ರೂ ಪಾರ್ಟ್ನರ್ ಎಡಕ್ಕೆ ಸರಿದ್ರೆ ನಾನೂ ಎಡಕ್ಕೆ ಸರೀಬೇಕು, ಇಲ್ಲಾಂದ್ರೆ ಮಧ್ಯದಲ್ಲಿ ಬಾಲ್ ತೂರಿ ಹೋಗುತ್ತೆ.

ಪೋಸ್ಟ್‌ಮ್ಯಾನ್ ತಾತಂಗೆ ಆಪರೇಷನ್ ಆಯ್ತು, ಇನ್ನೂ ಕೋಲು ಹಿಡ್ಕೊಂಡೇ ನಡೀತಾರೆ. ಪ್ಯಾಡಲ್ ತರಲ್ಲ, ಫ್ಲಾಸ್ಕ್ ತರ್ತಾರೆ, ಮೊನ್ನೆ ಸರ್ವ್ ಮಾಡೋ ಮುಂಚೆ ಸ್ಕೋರ್ ಕೂಗುವಾಗ (ನಮ್ಮ ಪಾಯಿಂಟು, ಎದುರಿನವರದ್ದು, ಜೋಡೀಲಿ ಎಷ್ಟನೇ ಸರ್ವರ್ ಅನ್ನೋದು) ನಾನು 7-5-1 ಅನ್ನೋ ಬದಲು 7-6-1 ಅಂದಿದ್ದಕ್ಕೆ ಬೆಂಚಿಂದಲೇ ಕೋಲೆತ್ತಿ ಕೂಗಿದ್ರು.