ಅಜ್ಜಿ ಎರಡು ದಿನದಿಂದ ಮಂಕಾಗಿದ್ದಾರೆ: ವಯಸ್ಸಾದವರ ಕಾಯಿಲೆ ಬಗ್ಗೆ ಟಿಪ್ಪಣಿ

ವಾರ್ಡ್ ಪೋಸ್ಟಿಂಗ್‌ನಲ್ಲಿ ಇರುವವರಿಗೆ, ನರ್ಸಿಂಗ್ ಓದುತ್ತಿರುವವರಿಗೆ ಇದು. ಪುಸ್ತಕದಲ್ಲಿ ನ್ಯುಮೋನಿಯಾ ಅಂದರೆ ಜ್ವರ, ಕೆಮ್ಮು, ಎದೆನೋವು. ವಯಸ್ಸಾದವರಿಗೆ ಅದೇ ನ್ಯುಮೋನಿಯಾ ಬಂದಾಗ ಜ್ವರವೇ ಇಲ್ಲದಿರಬಹುದು, ಕೆಮ್ಮೂ ಅಷ್ಟಕ್ಕಷ್ಟೇ. ಊಟ ಬಿಟ್ಟಿದ್ದಾರೆ, ಮಂಕಾಗಿದ್ದಾರೆ, ಬಾತ್‌ರೂಮಿಗೆ ಹೋಗುವಾಗ ಬಿದ್ದರು, ಮನೆಯವರು ಹೇಳುವುದು ಇಷ್ಟೇ. ಹಾರ್ಟ್ ಅಟ್ಯಾಕ್ ಕೂಡ ಎದೆನೋವಿಲ್ಲದೆ ಬರೀ ಏದುಸಿರು, ಸುಸ್ತು ಅಂತ ಬರಬಹುದು. ಅದಕ್ಕೇ ಮೊದಲ ಪ್ರಶ್ನೆ ಹೀಗಿರಲಿ: ಹೋದ ವಾರ ತಾವೇ ಮಾಡಿಕೊಳ್ಳುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ?

ಒಂದು ಕೇಸ್ ಕಲ್ಪಿಸಿಕೊಳ್ಳೋಣ. ಬಸವನಗುಡಿಯ ಅಜ್ಜಿ, 80 ವರ್ಷ, 45 ಕೆಜಿ ತೂಕ, ಬಿಪಿ ಮತ್ತು ಶುಗರ್ ಎರಡೂ ಇದೆ. ಮೊನ್ನೆವರೆಗೆ ಕೂತು ಹೂವು ಕಟ್ಟುತ್ತಿದ್ದವರು ಎರಡು ದಿನದಿಂದ ಮಗನನ್ನೇ ತಮ್ಮ ಅಂದುಕೊಂಡು ಮಾತಾಡುತ್ತಿದ್ದಾರೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆ ತೂಕಡಿಸುತ್ತಾ ಕೂರುತ್ತಾರೆ. ಮನೆಯವರು 'ವಯಸ್ಸಾಯ್ತಲ್ವಾ, ಅರಳು ಮರಳು' ಅಂತಾರೆ.

ನಿಧಾನವಾಗಿ ಬರುವ ಮರೆವಿನ ಕಾಯಿಲೆ ಡಿಮೆನ್ಷಿಯಾ, ಸಾಮಾನ್ಯವಾಗಿ ಎರಡೇ ದಿನದಲ್ಲಿ ಹೀಗೆ ಶುರುವಾಗುವುದಿಲ್ಲ. ಇದನ್ನು ಡೆಲಿರಿಯಂ, ಅಂದರೆ ಬೇರೆ ಯಾವುದೋ ತೊಂದರೆಯಿಂದ ದಿಢೀರ್ ಬರುವ ಗೊಂದಲ, ಅಂತಲೇ ಹಿಡಿದು ಕಾರಣ ಹುಡುಕಬೇಕು. ಇದಕ್ಕೆ 'ಕ್ಯಾಮ್' ಅನ್ನುವ ಸುಲಭವಾದ ಅಳತೆ ಇದೆ, 1990ರಲ್ಲಿ ಬಂದದ್ದು. ದಿಢೀರ್ ಶುರುವಾಗಿ ಏರುಪೇರು ಆಗುತ್ತಿರಬೇಕು, ಗಮನ ಒಂದು ಕಡೆ ನಿಲ್ಲದಂತಾಗಿರಬೇಕು, ಇವೆರಡೂ ಬೇಕೇ ಬೇಕು. ಜೊತೆಗೆ ಮಾತು ಅಸಂಬದ್ಧವಾಗಿರಬೇಕು, ಇಲ್ಲವೇ ಎಚ್ಚರದ ಮಟ್ಟ ಬದಲಾಗಿರಬೇಕು. ಗಮನ ನೋಡಲು ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಿ ಅಂತ ಬರೆದಿರುತ್ತಾರೆ. ಶಾಲೆಗೇ ಹೋಗದ ಅಜ್ಜಿಗೆ ಅದು ಅನ್ಯಾಯ, ಶನಿವಾರದಿಂದ ಹಿಂದಕ್ಕೆ ವಾರ ಹೇಳಿಸಿ ಸಾಕು. ಇನ್ನೊಂದು ಮಾತು, ಕೂಗಾಡುವ ರೋಗಿ ಎಲ್ಲರ ಕಣ್ಣಿಗೂ ಬೀಳುತ್ತಾರೆ, ಸುಮ್ನೆ ಮಲಗಿರುವವರ ಡೆಲಿರಿಯಂ ತಪ್ಪಿಹೋಗುವುದೇ ಜಾಸ್ತಿ.

ಈಗ ಕಾರಣ. ಸಕ್ಕರೆ, ಸೋಡಿಯಂ, ಆಕ್ಸಿಜನ್, ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ಇವೆಲ್ಲ ನೋಡಲೇಬೇಕು. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಮಾತ್ರೆಯ ಕವರ್. ಚೀಟಿ ತನ್ನಿ ಅನ್ನಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ತನ್ನಿ ಅನ್ನಿ. ಈ ಊರಲ್ಲಿ ಹಾರ್ಟಿಗೊಬ್ಬ ಡಾಕ್ಟರು, ಶುಗರಿಗೆ ಪಕ್ಕದ ರಸ್ತೆಯ ಕ್ಲಿನಿಕ್ಕು, ಮಂಡಿನೋವಿಗೆ ಇನ್ನೊಬ್ಬರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮೇಲೆ ಮೆಡಿಕಲ್ ಶಾಪಿನ ನೆಗಡಿ ಮಾತ್ರೆ ಬೇರೆ. ಅದರಲ್ಲಿರುವ ಕ್ಲೋರ್‌ಫೆನಿರಮಿನ್, ನರಗಳು ಸಂದೇಶ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುತ್ತದೆ, ಅದರಿಂದಲೇ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು ಮೂರೂ ಬರಬಹುದು. ಶುಗರ್ ಮಾತ್ರೆ ಗ್ಲೈಬೆನ್‌ಕ್ಲಮೈಡ್ ಇದ್ದರೆ ಶುಗರ್ ತುಂಬಾ ಹೊತ್ತು ಕೆಳಗೇ ಇರಬಹುದು. ಬಿಪಿಗೆ ಕೊಡುವ ಥಯಾಜೈಡ್ ಇದ್ದರೆ ಸೋಡಿಯಂ ಇಳಿದಿದೆಯಾ ನೋಡಿ.

ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ವಯಸ್ಸಾದ ಹೆಂಗಸರಲ್ಲಿ ಯಾವ ತೊಂದರೆಯೂ ಇಲ್ಲದೆ ಅದು ಇರುವುದು ಮಾಮೂಲು. ಉರಿ, ಜ್ವರ ಏನೂ ಇಲ್ಲದಿದ್ದರೆ ಆಂಟಿಬಯೋಟಿಕ್ ಬರೆಯುವ ಮುಂಚೆ ಬೇರೆ ಕಾರಣಗಳನ್ನು ಸರಿಯಾಗಿ ಹುಡುಕಿ.

ಮಾಂಸಖಂಡದಿಂದ ಬಂದು ಕಿಡ್ನಿ ಹೊರಹಾಕುವ ಕ್ರಿಯಾಟಿನಿನ್ ರಕ್ತದಲ್ಲಿ 1.0 ಬಂದಿದೆ, ಕಿಡ್ನಿ ನಾರ್ಮಲ್ ಅಂತೀರಾ? ಲೆಕ್ಕ ಹಾಕಿ. 140ರಲ್ಲಿ ವಯಸ್ಸು ಕಳೆದರೆ 60. ಅದಕ್ಕೆ ತೂಕ 45 ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ (ಇಲ್ಲಿ 72ರಿಂದಲೇ) ಭಾಗಿಸಿ, ಹೆಂಗಸಾದ್ದರಿಂದ 0.85 ಗುಣಿಸಿ. ಬಂದದ್ದು ನಿಮಿಷಕ್ಕೆ ಸುಮಾರು 32 ಎಂಎಲ್, ಕಿಡ್ನಿ ಸೋಸುವ ವೇಗದ ಅಂದಾಜು ಇದು, ನಾರ್ಮಲ್‌ಗಿಂತ ತುಂಬಾ ಕಮ್ಮಿ. ಮಾಂಸಖಂಡವೇ ಕಮ್ಮಿ ಇರುವುದರಿಂದ ಕ್ರಿಯಾಟಿನಿನ್ ಕಮ್ಮಿ ಕಾಣುತ್ತದೆ ಅಷ್ಟೇ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದರೆ ಇಲ್ಲೇ ಪೆಟ್ಟು.

ಬಿದ್ದವರಿಗೆ ಬಿಪಿಯನ್ನು ಮಲಗಿಸಿ ನೋಡಿ, ಆಮೇಲೆ ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದು ಪೋಸ್ಚುರಲ್ ಹೈಪೊಟೆನ್ಷನ್, ಅಂದರೆ ಎದ್ದು ನಿಂತಾಗ ಬಿಪಿ ಇಳಿಯುವುದು. ಕೂತೇ ನೋಡಿದರೆ ಗೊತ್ತಾಗುವುದೇ ಇಲ್ಲ.

ಆರೈಕೆ ವಿಷಯಕ್ಕೆ ಬಂದರೆ ಕಾರಣಕ್ಕೆ ಚಿಕಿತ್ಸೆ, ಜೊತೆಗೆ ಕನ್ನಡಕ, ಹಿಯರಿಂಗ್ ಏಡ್, ನೀರು, ಹಗಲಲ್ಲಿ ಬೆಳಕು, ಪಕ್ಕದಲ್ಲಿ ಪರಿಚಯದ ಮುಖ. ಕೈಕಾಲು ಕಟ್ಟುವುದು, ಸುಲಭ ಅಂತ ನಿದ್ದೆ ಇಂಜೆಕ್ಷನ್ ಕೊಡುವುದು ಕೆಟ್ಟ ಅಭ್ಯಾಸ. ಬೇಡದ ಕ್ಯಾತಿಟರ್ (ಮೂತ್ರದ ಟ್ಯೂಬ್) ಬೇಗ ತೆಗೆಸಿ. ಬಲಹೀನರಾದವರಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) 8ರ ಆಸುಪಾಸು ಇದ್ದರೂ ಸಾಕು, 6.5ಕ್ಕೆ ಎಳೆಯಲು ಹೋದರೆ ಲೋ ಶುಗರ್ ಆಗಿ ಬೀಳುತ್ತಾರೆ.

ಕೊನೆಯದು, ವೈವಾದಲ್ಲಿ ಕೇಳುವಂಥದ್ದು. ಬಿಪಿಗೆ ಆಮ್ಲೋಡಿಪಿನ್ ಕೊಟ್ಟರು, ಪಾದ ಊದಿತು. ಊತಕ್ಕೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಬಂತು. ರಾತ್ರಿ ಮೂತ್ರಕ್ಕೆ ಓಡಾಟ ಶುರುವಾಯ್ತು, ಅದಕ್ಕೆ ಆಕ್ಸಿಬ್ಯುಟಿನಿನ್, ಅದೂ ಅಸಿಟೈಲ್‌ಕೋಲಿನ್ ತಡೆಯುವುದೇ, ಅದರಿಂದ ಗೊಂದಲ. ಸರಪಳಿ ಕಂಡರೆ ಮೊದಲ ಮಾತ್ರೆಯಿಂದ ಯೋಚಿಸಿ. ಹಾಗಂತ ಎಲ್ಲವನ್ನೂ ಒಂದೇ ದಿನ ನಿಲ್ಲಿಸಬೇಡಿ. ವರ್ಷಗಟ್ಟಲೆ ನುಂಗಿದ ನಿದ್ದೆ ಬರಿಸುವ ಕ್ಲೋನಜೆಪಾಮ್ ಥಟ್ ಅಂತ ನಿಂತರೆ ಫಿಟ್ಸ್ ಬರಬಹುದು, ಡೆಲಿರಿಯಂ ಮತ್ತೆ ಕೆರಳಬಹುದು. ಅದನ್ನು ಸ್ವಲ್ಪ ಸ್ವಲ್ಪವೇ, ವಾರಗಟ್ಟಲೆ ಸಮಯ ಕೊಟ್ಟು ಇಳಿಸಬೇಕು.