ವಿತಂಡವಾದ ಎಂದು ಯಾವುದನ್ನು ಕರೆಯಬೇಕು?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯ ವರದಿ ಈಚೆಗೆ ಕೈಗೆ ಸಿಕ್ಕಿತು. ಕನ್ನಡ ಬಾರದ ಅಧ್ಯಾಪಕರು ಮಕ್ಕಳಿಗೆ ಗಣಿತವನ್ನು ಯಾವ ಭಾಷೆಯಲ್ಲಿ ಹೇಳಿಕೊಡುತ್ತಾರೆ ಎಂದು ತಾಯಿಯೊಬ್ಬರು ಕೇಳಿದ್ದರು. ವರದಿಯಲ್ಲಿ ಅದು "ಓರ್ವ ಸದಸ್ಯೆ ವಿತಂಡವಾದ ಮಂಡಿಸಿದರು" ಎಂದಾಗಿದೆ. ಮಂಡಿಸಿದರಂತೆ! ವಿತಂಡದಲ್ಲಿ ಮಂಡಿಸಲು ಏನೂ ಇರುವುದಿಲ್ಲ. ಇದ್ದರೆ ಅದು ವಿತಂಡವೇ ಅಲ್ಲ.

ಹಟಮಾರಿ ಮಾತು, ಅಡ್ಡಮಾತು, ಕೇಳಬಾರದ ಪ್ರಶ್ನೆ, ಉತ್ತರ ಗೊತ್ತಿಲ್ಲದ ಪ್ರಶ್ನೆ, ಇವೆಲ್ಲಕ್ಕೂ ಈಗ ಇದೊಂದೇ ಪದ. ಗ್ರಹಣದ ದಿನ ಉಂಡರೆ ಏನಾಗುತ್ತದೆ ಎಂದು ಕೇಳಿದ ಹುಡುಗನೂ ವಿತಂಡವಾದಿ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ನೋಡಲು ದೂರದೂರದವರು ನಮ್ಮ ಜಿಲ್ಲೆಯ ಚೆರುವತ್ತೂರಿಗೆ ಬಂದಿದ್ದರು. ಗ್ರಹಣದ ಹಾದಿ ಸರಿಯಾಗಿ ನಮ್ಮ ತಲೆಯ ಮೇಲೆಯೇ ಹಾದುಹೋಗುವಾಗಲೂ ಆ ಪ್ರಶ್ನೆ ಕೇಳಬಾರದೆಂದರೆ ಇನ್ನು ಯಾವಾಗ ಕೇಳಬೇಕು?

ಪದದ ಹುಟ್ಟು ನೋಡೋಣ. 'ತಡಿ' ಎಂಬ ಧಾತುವಿಗೆ ಹೊಡೆ, ಬಡಿ ಎಂಬ ಅರ್ಥ. ಅದಕ್ಕೆ 'ವಿ' ಸೇರಿ ವಿತಂಡಾ. ಎದುರಾಳಿಯ ಪಕ್ಷವನ್ನು, ಅಂದರೆ ಅವನ ನಿಲುವನ್ನು, ಯಾವುದರಿಂದ ಹೊಡೆದುಹಾಕುತ್ತೇವೆಯೋ ಅದು. ಭಾಷಾ ಎಂಬುದು ಭಾಷೆಯಾದಂತೆ ಕನ್ನಡದಲ್ಲಿ ಇದು ವಿತಂಡೆಯಾಯಿತು. ಸಮಾಸದಲ್ಲಿ 'ವಿತಂಡಾವಾದ' ಆಗಬೇಕಿತ್ತು. ತಮಿಳರು ಆ ದೀರ್ಘವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ, ನಾವು ಬಿಟ್ಟಿದ್ದೇವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಸಂಸ್ಕೃತ ನಿಘಂಟುಗಳು ಈ ಪದಕ್ಕೆ ಸೌಟು ಎಂಬ ಅರ್ಥವನ್ನೂ ಕೊಡುತ್ತವೆ, ಕೆಸುವಿನ ಗಿಡ ಎಂಬ ಅರ್ಥವನ್ನೂ ಕೊಡುತ್ತವೆ. ಹುಳಿ ಸಾಲದ ಪತ್ರೊಡೆ (ಕೆಸುವಿನೆಲೆಯ ತಿಂಡಿ) ತಿಂದು ಗಂಟಲು ತುರಿಸಿಕೊಂಡವರು ಇಲ್ಲೇನೋ ಸಂಬಂಧವಿದೆ ಎಂದು ಹೊರಡಬಹುದು. ದಯವಿಟ್ಟು ಹೊರಡಬೇಡಿ.

ಶಾಸ್ತ್ರದಲ್ಲಿ ಇದರ ಜಾಗ ಖಚಿತವಾಗಿದೆ. ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರ ಹದಿನಾರು ವಿಷಯಗಳನ್ನು ಎಣಿಸುತ್ತದೆ. ಅದರಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನ. ಪ್ರಮಾಣ (ತಿಳಿಯುವ ಸಾಧನ) ಮತ್ತು ಪ್ರಮೇಯ (ತಿಳಿಯಬೇಕಾದದ್ದು) ಆದ ಕೂಡಲೇ ಸಂಶಯ, ಸಿದ್ಧಾಂತ ಬರುವುದು ಆಮೇಲೆ. ತೀರ್ಮಾನವಾಗಿಹೋದ ವಿಷಯದಲ್ಲಿ ನ್ಯಾಯಕ್ಕೆ, ಅಂದರೆ ತರ್ಕಕ್ಕೆ, ಕೆಲಸವಿಲ್ಲ, ಸಂಶಯವಿರುವಲ್ಲೇ ಅದಕ್ಕೆ ಕೆಲಸ ಎಂದು ಭಾಷ್ಯಕಾರ ವಾತ್ಸ್ಯಾಯನ ಹೇಳುತ್ತಾನೆ. ಇನ್ನೂ ಕೆಳಗಿಳಿದರೆ ವಾದ, ಜಲ್ಪ, ವಿತಂಡೆ ಸಿಗುತ್ತವೆ. ಈ ಮೂರಕ್ಕೂ ಸೇರಿ 'ಕಥೆ' ಎಂದು ಹೆಸರು. ನಿಜ ತಿಳಿಯಲು ಎರಡೂ ಕಡೆಯವರು ಪ್ರಮಾಣ, ತರ್ಕ ಹಿಡಿದು ಮಾತಾಡಿದರೆ ವಾದ. ಗೆಲ್ಲಲೆಂದು ಛಲ ಮುಂತಾದ ತಂತ್ರಗಳನ್ನೂ ಬಳಸಿದರೆ ಜಲ್ಪ. (ಈ ಛಲ ನಮ್ಮ ದುರ್ಯೋಧನನ ಛಲವಲ್ಲ, ಮಾತಿನ ಮೋಸ. 'ನವ ಕಂಬಳಿ' ಎಂದರೆ ಹೊಸ ಕಂಬಳಿ ಎಂದು ಗೊತ್ತಿದ್ದರೂ ಒಂಬತ್ತು ಎಲ್ಲಿವೆ ಎಂದು ಕೇಳುವುದು.) ಅದೇ ಜಲ್ಪದಲ್ಲಿ ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದ್ದನ್ನು ಬರೇ ಒಡೆಯುತ್ತಾ ಹೋದರೆ ವಿತಂಡೆ. ವಿತಂಡೆಯ ಗುರುತು ಇಷ್ಟೇ. ದನಿ ಏರಿಸುವುದು, ಹಟ, ಅಸಭ್ಯತೆ, ಇವು ಯಾವುವೂ ಲಕ್ಷಣದೊಳಗೆ ಇಲ್ಲ. ಮೆಲುದನಿಯಲ್ಲಿ, ನಗುನಗುತ್ತಾ ವಿತಂಡೆ ಮಾಡಬಹುದು, ಮಾಡುವವರೂ ಇದ್ದಾರೆ.

ವಾತ್ಸ್ಯಾಯನ ವೈತಂಡಿಕನನ್ನು, ಅಂದರೆ ವಿತಂಡೆ ಮಾಡುವವನನ್ನು, ಚೆನ್ನಾಗಿ ಕಾಡುತ್ತಾನೆ. ನಿನ್ನ ಮಾತಿನ ಉದ್ದೇಶ ಏನಪ್ಪಾ ಎಂದು ಕೇಳಿದಾಗ ಅವನು ಏನಾದರೂ ಹೇಳಿದರೆ ಅದೇ ಅವನ ಪಕ್ಷವಾಯಿತು, ವೈತಂಡಿಕತನ ಹೋಯಿತು. ಏನೂ ಹೇಳದಿದ್ದರೆ ಅವನು ಲೋಕದವನೂ (ಸಾಮಾನ್ಯನೂ) ಅಲ್ಲ, ಪರೀಕ್ಷಕನೂ (ವಿಚಾರ ಮಾಡುವ ಪಂಡಿತನೂ) ಅಲ್ಲ. ಇಷ್ಟು ಬೈದ ಪರಂಪರೆಯೇ ವಿತಂಡೆಯನ್ನು ಹೊರಗೆ ಹಾಕಲಿಲ್ಲ. ಮೊಳೆಯುತ್ತಿರುವ ಬೀಜವನ್ನು ಕಾಯಲು ಮುಳ್ಳಿನ ಗೆಲ್ಲು ಹೊದಿಸುವಂತೆ, ತತ್ತ್ವನಿಶ್ಚಯವನ್ನು ಕಾಯಲು ಜಲ್ಪ, ವಿತಂಡೆಗಳು ಬೇಕು ಎಂದು ನ್ಯಾಯಸೂತ್ರವೇ ಹೇಳುತ್ತದೆ.

13ನೇ ಶತಮಾನದ ಮಧ್ವಾಚಾರ್ಯರು ಈ ಮೂರರ ಬಗ್ಗೆಯೇ 'ಕಥಾಲಕ್ಷಣ' ಎಂಬ ಪುಟ್ಟ ಗ್ರಂಥ ಬರೆದರು. ತತ್ತ್ವನಿರ್ಣಯಕ್ಕಾಗಿ ಗುರುಶಿಷ್ಯರ ನಡುವೆಯೋ ಸಜ್ಜನರ ನಡುವೆಯೋ ನಡೆಯುವುದು ವಾದ ಎನ್ನುತ್ತದೆ ಅದು. ಗುರುವಿಗೆ ಎದುರು ಮಾತಾಡಬೇಡ ಎಂದು ಪರಂಪರೆಯ ಹೆಸರಿನಲ್ಲಿ ಗದರಿಸುವವರು ಆ ಸಾಲನ್ನು ಒಮ್ಮೆ ನೋಡಬೇಕು. ಅದೇ ಮಧ್ವರು ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ ನಮ್ಮ ವಿಷ್ಣುಮಂಗಲಕ್ಕೆ ಬಂದಾಗ ಇಲ್ಲಿಯವರೇ ಆದ ತ್ರಿವಿಕ್ರಮ ಪಂಡಿತರು ಅವರೊಡನೆ ದಿನಗಟ್ಟಲೆ ವಾದಿಸಿದರು. ಶಿಷ್ಯರಾದದ್ದು ಆಮೇಲೆ. ಆ ವಾದವನ್ನು ಮಧ್ವರ ಚರಿತ್ರೆಯಾದ 'ಸುಮಧ್ವವಿಜಯ'ದಲ್ಲಿ ದಾಖಲಿಸಿದವರು ಸೋತ ಪಂಡಿತರ ಮಗ ನಾರಾಯಣ ಪಂಡಿತಾಚಾರ್ಯರೇ. ಅಪ್ಪ ವಿತಂಡವಾದ ಮಾಡಿದರು ಎಂದು ಅವರು ಬರೆಯಲಿಲ್ಲ.

ತಾಳಮದ್ದಳೆ (ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದ ಊರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿ ಬಂದದ್ದೇ ಆಶ್ಚರ್ಯ. ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ನೆಟ್ಟ ಎದೆಯಲ್ಲಿ ವಾಲಿ ಕೇಳುತ್ತಾನೆ: ನಿನ್ನ ನಾಡಿಗೆ ನಾನೇನು ಕೇಡು ಮಾಡಿದ್ದೆ? ಬೇರೊಬ್ಬನೊಡನೆ ಕಾದುವವನಿಗೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಸೀತೆ ಬೇಕಿದ್ದರೆ ನನ್ನನ್ನೇ ಕೇಳಬಾರದಿತ್ತೇ? ಮುಂದೆ ಕುಳಿತ ರಾಮ ಸಾಕ್ಷಾತ್ ದೇವರು. ಆದರೂ ಇದನ್ನು ವಿತಂಡ ಎಂದವರಿಲ್ಲ, ಏಕೆಂದರೆ ವಾಲಿಗೆ ತನ್ನದೊಂದು ಪಕ್ಷವಿದೆ. ಅರ್ಥಧಾರಿ (ಪಾತ್ರದ ಮಾತಾಡುವವರು) ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದದ್ದು ಅದಕ್ಕೇ. ಇನ್ನೊಂದು ಬಗೆಯ ಅರ್ಥಧಾರಿಗಳಿದ್ದಾರೆ. ಪೀಠಿಕೆಯಲ್ಲಿ ಪಾತ್ರದ ನಿಲುವು ಏನೆಂದು ಹೇಳುವುದಿಲ್ಲ. ಎದುರು ಅರ್ಥಧಾರಿ ಆಡಿದ ಒಂದೊಂದು ಮಾತಿನ ಬಾಲ ಹಿಡಿದು ಎಳೆಯುತ್ತಾರೆ, ಅವರು ಬೇರೆ ದಾರಿ ಹಿಡಿದರೆ ಆ ದಾರಿಗೂ ಅಡ್ಡ. ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿದರೆ ಸಾಕಪ್ಪಾ ಎಂದು ಸಭೆಗೆ ಅನಿಸುತ್ತದೆ. ವಿತಂಡೆ ಎಂದರೆ ಅದು.

ಆದರೆ ಪಕ್ಷವಿಲ್ಲದವನ ಪ್ರಶ್ನೆಗೆ ಬೆಲೆಯಿಲ್ಲವೇ? ನನ್ನ ಅಸಹನೆ ಹೆಚ್ಚುವುದು ಇಲ್ಲಿ. ನಮ್ಮ ಜಿಲ್ಲೆಯ ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯ ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಮ್ಮ ಬಾಯಲ್ಲಿ ಅದು 'ಮದ್ದು'. ಅಪಾಯವಿಲ್ಲ ಎಂಬುದೇ ಅಂದು ಒಪ್ಪಿತ ಜ್ಞಾನ. ಕರುಗಳು, ಮಕ್ಕಳು ಹೀಗೇಕೆ ಹುಟ್ಟುತ್ತಿವೆ ಎಂದು ಕೇಳಿದ ಊರವರಿಗೆ ಸಿಕ್ಕ ಮರುಪ್ರಶ್ನೆ, ಇದೇ ಕಾರಣ ಎನ್ನಲು ಪುರಾವೆ ಏನು? ಕೇಳಿದವರಲ್ಲಿ ಪ್ರಯೋಗಾಲಯವಿರಲಿಲ್ಲ, ಸಿದ್ಧಾಂತವಿರಲಿಲ್ಲ. ಅಪಾಯವಿಲ್ಲ ಎಂಬ ನಿಮ್ಮ ಮಾತಿಗೆ ಆಧಾರ ಸಾಲದು ಎಂಬುದಷ್ಟೇ ಇತ್ತು. ಕಟ್ಟುನಿಟ್ಟಾಗಿ ಲಕ್ಷಣ ಹಚ್ಚಿದರೆ ಅದು ವಿತಂಡೆಯ ಪಕ್ಕದಲ್ಲೇ ಕೂರುತ್ತದೆ. ಕೂರಲಿ. ನಿಮ್ಮ ಹೇತು (ಕಾರಣ) ದುರ್ಬಲ ಎಂದು ತೋರಿಸಲು ನನ್ನಲ್ಲೊಂದು ಬಲವಾದ ಹೇತು ಇರಬೇಕೆಂದಿಲ್ಲ. 'ಹಾಗಾದರೆ ನೀನೇ ಹೇಳು' ಎಂಬುದು ಮಾತು ತಪ್ಪಿಸುವ ದಾರಿ, ಉತ್ತರವಲ್ಲ. ಸುಪ್ರೀಂ ಕೋರ್ಟ್ ಆ ಮದ್ದನ್ನು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಿನಲ್ಲಿ.

ಬೈಯಲೇಬೇಕೆಂದಿದ್ದರೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಹಿಡಿದದ್ದನ್ನು ಬಿಡದಿದ್ದರೆ ಮೊಂಡುವಾದ, ತರ್ಕ ಸೊಟ್ಟಗಿದ್ದರೆ ಕುತರ್ಕ, ಸಂಬಂಧವಿಲ್ಲದಲ್ಲಿ ಮೂಗು ತೂರಿಸಿದರೆ ಅಧಿಕಪ್ರಸಂಗ. ಆ ತಾಯಿಯ ಮಾತಿಗೆ ಇವು ಯಾವುವೂ ಹೊಂದುವುದಿಲ್ಲ. ಅದಕ್ಕೆ ವರದಿಯಲ್ಲಿ 'ಪ್ರಶ್ನೆ ಕೇಳಿದರು' ಎಂದು ಬರೆದು, ಕೆಳಗೆ ಉತ್ತರಕ್ಕೆ ಎರಡು ಗೆರೆ ಜಾಗ ಬಿಡಬಹುದಿತ್ತು.