ಒಂದು ಟನ್ ದಿಮ್ಮಿಗೆ ಎರಡು ಕಿಲೋ ಎಳೆತ

ದಾಂಡೇಲಿ ಕಡೆಯಿಂದ ಧಾರವಾಡಕ್ಕೆ ಬರುವಾಗ ದಿಮ್ಮಿ ಹೇರಿದ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದೀರಾ? ಸಣ್ಣ ಏರು ಬಂದರೂ ಅದರ ಎಂಜಿನ್ ಏದುಸಿರು ಬಿಡುತ್ತದೆ. ನೋಡುವಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಲಾರಿ ಕುಡಿಯುವ ಡೀಸೆಲ್‌ನಲ್ಲಿ ಒಂದು ಪಾಲು ತನ್ನದೇ ಟೈರುಗಳನ್ನು ಹಿಸುಕುವುದಕ್ಕೆ ಹೋಗುತ್ತದೆ. ಅದೇ ದಿಮ್ಮಿ ರೈಲಿನಲ್ಲಿ ಬಂದರೆ ಈ ನಷ್ಟ ಬಹಳ ಕಡಿಮೆ.

ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ. ಮುಂದೆ ಉರುಳಿದಾಗ ಮತ್ತೆ ಉಬ್ಬುತ್ತದೆ. ಹಿಸುಕಲು ಹಾಕಿದ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ, ಒಂದಿಷ್ಟು ಶಾಖವಾಗಿ ಹೋಗುತ್ತದೆ. ದೂರ ಓಡಿ ಬಂದು ನಿಂತ ಲಾರಿಯ ಟೈರು ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಹಾಗಾದರೆ ಗಾಲಿ ಗಟ್ಟಿಯಾಗಿದ್ದರೆ ಸಾಕಾ? ಸಾಲದು. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿಯೇ ಇರುತ್ತದೆ. ಆದರೆ ಗದಗ ಸೀಮೆಯ ಎರೆ ಹೊಲದಲ್ಲಿ ಒಂದು ಮಳೆ ಬಿದ್ದರೆ ಅದು ಹೂತು ಕೂರುತ್ತದೆ, ಎತ್ತುಗಳು ಸೋಲುತ್ತವೆ. ಗಾಲಿ ಬಗ್ಗದಿದ್ದರೆ ನೆಲ ಬಗ್ಗುತ್ತದೆ, ಅಷ್ಟೇ. ಎರಡೂ ಬಗ್ಗಬಾರದು. ರೈಲಿನ ಗುಟ್ಟು ಇದೇ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು ಮಾತ್ರ.

ಬಾವಿಯ ರಾಟೆಗೆ ಹಗ್ಗ ಹಾಕಿ. ಒಂದು ತುದಿಯನ್ನು ವ್ಯಾಗನ್‌ಗೆ ಕಟ್ಟಿ, ಇನ್ನೊಂದು ತುದಿಗೆ ಕಲ್ಲು ತೂಗಿಬಿಡಿ. ಸಮತಟ್ಟಾದ ಹಳಿಯ ಮೇಲೆ ನಿಧಾನವಾಗಿ ಹೊರಟ ವ್ಯಾಗನ್ನು ನಿಲ್ಲದೆ ಸಾಗಲು ಪ್ರತಿ ಟನ್‌ಗೆ ಸುಮಾರು 2 ಕಿಲೋ ಕಲ್ಲು ಸಾಕು. ಒಳ್ಳೆಯ ಡಾಂಬರು ರಸ್ತೆಯಲ್ಲಿ ಲಾರಿಗೆ ಸುಮಾರು 8 ಕಿಲೋ ಬೇಕು. ನಾಲ್ಕು ಪಟ್ಟು!

ಏರಿನಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ಕ್ಯಾಸಲ್‌ರಾಕ್‌ನಿಂದ ಗೋವಾಕ್ಕೆ ಇಳಿಯುವ ಘಟ್ಟದಲ್ಲಿ 37 ಮೀಟರ್‌ಗೆ 1 ಮೀಟರ್ ಏರಿದೆ. ಅಂಥ ಕಡೆ ಟನ್‌ಗೆ ಇನ್ನೂ 27 ಕಿಲೋ ಎಳೆತ ಬೇಕು, ರೈಲಾಗಲಿ ಲಾರಿಯಾಗಲಿ. ಆಗ ರೈಲಿಗೆ 29, ಲಾರಿಗೆ 35. ರೈಲಿನ ಮೇಲುಗೈ ಬಹುಪಾಲು ಕರಗಿತು. ಅದಕ್ಕೇ ಘಟ್ಟ ಹತ್ತುವ ಗೂಡ್ಸ್ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ದಾಂಡೇಲಿ ಕಡೆಯ ಹಳಿ ಬಂದು ಸೇರುವ ಅಳ್ನಾವರದಿಂದ ಹುಬ್ಬಳ್ಳಿ ಕಡೆಗೆ ಅಂಥ ಘಟ್ಟವಿಲ್ಲ. ಇದು ನಮ್ಮ ಪುಣ್ಯ.

ರಸ್ತೆಯ ಪಾಡನ್ನೂ ಹೇಳಲೇಬೇಕು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು 16 ಪಟ್ಟಾಗುತ್ತದೆ. 1950ರ ದಶಕದ ಕೊನೆಗೆ ಅಮೆರಿಕದ ಇಲಿನಾಯ್‌ನಲ್ಲಿ ಲಾರಿಗಳನ್ನು ಸುಮ್ನೆ ಸುತ್ತು ಹೊಡೆಸಿ, ರಸ್ತೆ ಹೇಗೆ ಹಾಳಾಗುತ್ತದೆಂದು ಅಳೆದಾಗ ಕಂಡ ಸಂಗತಿ ಇದು. ಆಗ ತಾನೇ ಕಡಿದ ಮರದಲ್ಲಿ ಎಷ್ಟೋ ಸಲ ಅರ್ಧ ತೂಕ ನೀರೇ ಇರುತ್ತದೆ. ಅಂದರೆ ಹಸಿ ದಿಮ್ಮಿ ಸಾಗಿಸುವ ಲಾರಿ ನೀರನ್ನೂ ಹೊತ್ತು ರಸ್ತೆ ಒಡೆಯುತ್ತಿರುತ್ತದೆ.

ಹೀಗಿದ್ದೂ ದಿಮ್ಮಿ ಲಾರಿ ಹತ್ತುವುದು ಯಾಕೆ? ಲಾರಿ ಕಟ್ಟಿಗೆ ಡಿಪೋದಿಂದ ಸೀದಾ ಸಾಮಿಲ್ ಬಾಗಿಲಿಗೆ ಹೋಗುತ್ತದೆ. ರೈಲಾದರೆ ಎರಡೂ ಕಡೆ ಹೇರಬೇಕು, ಇಳಿಸಬೇಕು. ದಿಮ್ಮಿ ಮೂಟೆಯಲ್ಲ, ಹಮಾಲರ ಬೆನ್ನಿಗೆ ಆಗುವ ಕೆಲಸವಲ್ಲ. ದೂರ ಕಡಿಮೆಯಿದ್ದರೆ ರೈಲಿನಿಂದ ಉಳಿಸಿದ ಡೀಸೆಲ್‌ನ ದುಡ್ಡು ಈ ಹೇರಿ ಇಳಿಸುವುದರಲ್ಲೇ ಮುಗಿಯುತ್ತದೆ. ಇದು ನಿಜವಾದ ತೊಡಕು. ಆದರೆ ದಿಮ್ಮಿಗೆ ಹಾಲು, ತರಕಾರಿಯ ಅವಸರವಿಲ್ಲ ಅಲ್ವಾ? ಹರಾಜಾಗುವ ತನಕ ಡಿಪೋದಲ್ಲಿ ಹೇಗೂ ಬಿದ್ದಿರುತ್ತದೆ. ವ್ಯಾಗನ್ ತುಂಬುವವರೆಗೆ ಇನ್ನೆರಡು ದಿನ ಕಾದರೆ ನಷ್ಟವಿಲ್ಲ, ಇನ್ನಷ್ಟು ಒಣಗಿ ಹಗುರಾಗುತ್ತದೆ.

ಅಳ್ನಾವರದಿಂದ ದಾಂಡೇಲಿ ಕಡೆಗೆ ಬ್ರಿಟಿಷರು ಹಳಿ ಹಾಕಿದ್ದೇ ಕಾಡಿನ ನಾಟಾ ತರಲಿಕ್ಕೆ. ರೈಲು ಕೂಡ ಆಗ ಮರ ತಿನ್ನುತ್ತಿತ್ತು. ಹಳಿಯ ಕೆಳಗೆ ಅಡ್ಡ ಹಾಕುವ ಸ್ಲೀಪರುಗಳಲ್ಲಿ ಬಹಳಷ್ಟು ಮರದವು. ಈಗ ಕಾಂಕ್ರೀಟು ಬಂದು ಆ ಹಸಿವು ನಿಂತಿದೆ. 2019ರಲ್ಲಿ ಈ ಹಳಿಯ ಮೇಲೆ ದಾಂಡೇಲಿ ಪಕ್ಕದ ಅಂಬೇವಾಡಿಯವರೆಗೆ ಪ್ಯಾಸೆಂಜರ್ ರೈಲು ಓಡಿತು. ಹಳಿ ಇದೆ, ಡಿಪೋ ಇದೆ, ದಾಂಡೇಲಿಯ ಕಾಗದದ ಕಾರ್ಖಾನೆಗೂ ಕಟ್ಟಿಗೆ ಬೇಕು. ದಿಮ್ಮಿಯನ್ನು ಕಚ್ಚಿ ಎತ್ತುವ ಒಂದು ಕ್ರೇನು ಅಲ್ಲಿ, ಒಂದು ಕ್ರೇನು ಹುಬ್ಬಳ್ಳಿಯಲ್ಲಿ ನಿಂತರೆ, ಆ 2 ಕಿಲೋ ಲೆಕ್ಕ ಮತ್ತೆ ನಮ್ಮ ಕೆಲಸಕ್ಕೆ ಬರುತ್ತದೆ.